ಸೆಕೆಂಡ್‌ಹ್ಯಾಂಡ್ ವಾಟರ್ ಸಾಫ್ಟ್‌ನರ್ (10×54 ಸಿಲಿಂಡರ್, 40 ಲೀಟರ್ ರೆಸಿನ್): ದೀರ್ಘ ಬಳಕೆಯ ವಿಮರ್ಶೆ

ವಸ್ತು: 10 ಇಂಚು ವ್ಯಾಸ, 54 ಇಂಚು ಎತ್ತರದ ಎಫ್‌ಆರ್‌ಪಿ (ಗಾಜಿನ ನಾರು ಸೇರಿಸಿದ ಪ್ಲಾಸ್ಟಿಕ್) ಸಿಲಿಂಡರ್. ಒಳಗೆ ಸುಮಾರು 40 ಲೀಟರ್ ರೆಸಿನ್ (ನೀರಿನ ಗಡಸುತನ ಹಿಡಿಯುವ ಸಣ್ಣ ಮಣಿಗಳು), ನೆತ್ತಿಯ ಮೇಲೆ ನೀರಿನ ದಾರಿ ಬದಲಿಸುವ ವಾಲ್ವ್, ಪಕ್ಕದಲ್ಲಿ ರೆಸಿನ್ ತೊಳೆಯಲು ಉಪ್ಪಿನ ಡ್ರಮ್.
ಬಳಕೆ: ಬೆಂಗಳೂರಿನ ಹೊರವಲಯದ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು, ಐದು ಜನರ ಮನೆ, ಸಂಪಿನಿಂದ ಓವರ್‌ಹೆಡ್ ಟ್ಯಾಂಕ್‌ಗೆ ಹೋಗುವ ಲೈನ್.
ಅಂಕ: ಸಿಲಿಂಡರ್‌ಗೆ 5ಕ್ಕೆ 4.5. ಮ್ಯಾನ್ಯುಯಲ್ ವಾಲ್ವ್‌ಗೆ 4. ಆಟೋಮ್ಯಾಟಿಕ್ ವಾಲ್ವ್‌ಗೆ 2ರಿಂದ 4, ಯಾವುದು ಅನ್ನುವುದರ ಮೇಲೆ. ಹಳೆಯ ರೆಸಿನ್‌ಗೆ ಸೊನ್ನೆ.

ಆ ಸೊನ್ನೆಯಿಂದಲೇ ಶುರು ಮಾಡೋಣ. "ಎರಡೇ ವರ್ಷ ಬಳಸಿದ್ದು, ರೆಸಿನ್ ಇನ್ನೂ ಹತ್ತು ವರ್ಷ ಬರುತ್ತೆ" ಅನ್ನುವುದು ಮಾರುವವರ ಮಾಮೂಲಿ ಮಾತು. ರೆಸಿನ್ ಹತ್ತು ವರ್ಷ ಬಾಳಬಲ್ಲದು, ಸುಳ್ಳಲ್ಲ. ಆದರೆ ನೀರಿನಲ್ಲಿ ಕಬ್ಬಿಣ, ಕ್ಲೋರಿನ್ ಇರಬಾರದು, ಮನೆಯವರು ಸಮಯಕ್ಕೆ ಸರಿಯಾಗಿ ಅದಕ್ಕೆ ಉಪ್ಪು ಕುಡಿಸಿರಬೇಕು. ಸಂಪಿಗೆ ಬ್ಲೀಚಿಂಗ್ ಪುಡಿ ಸುರಿಯುವ, ತುಕ್ಕು ಬಣ್ಣದ ಟ್ಯಾಂಕರ್ ನೀರು ತುಂಬಿಸಿಕೊಳ್ಳುವ ಮನೆಯಲ್ಲಿ ಅದರ ಅರ್ಧ ಆಯಸ್ಸೂ ಸಿಕ್ಕುವುದಿಲ್ಲ. ಹಿಂದಿನವರು ಏನು ಮಾಡಿದ್ದರು ಅನ್ನುವುದನ್ನು ಹೊರಗಿನಿಂದ ತಿಳಿಯಲಾಗದು. ರೆಸಿನ್ ಲೀಟರ್ ಲೆಕ್ಕದಲ್ಲಿ ಹೊಸದಾಗಿ ಸಿಕ್ಕುತ್ತದೆ, ಸಿಲಿಂಡರ್ ನೆರಳಲ್ಲಿದ್ದರೆ ದಶಕ ದಾಟುತ್ತದೆ. ಸೆಕೆಂಡ್‌ಹ್ಯಾಂಡ್‌ನಲ್ಲಿ ನೀವು ನಿಜವಾಗಿ ಕೊಳ್ಳುತ್ತಿರುವುದು ವಾಲ್ವ್. ಚೌಕಾಸಿ ನಡೆಯಬೇಕಾದ್ದೂ ಅದರ ಮೇಲೆಯೇ.

ಮೊದಲು ಅಳತೆ

ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ) ಮೀಟರ್ ಹಿಡಿದು ಸಾಫ್ಟ್‌ನರ್ ಪರೀಕ್ಷಿಸುವವರನ್ನು ನಂಬಬೇಡಿ. ಸಾಫ್ಟ್‌ನರ್ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಅದರ ಬದಲಿಗೆ ಸೋಡಿಯಂ ಬಿಡುತ್ತದೆ. ಕರಗಿದ ಲವಣ ಕಡಿಮೆಯಾಗುವುದಿಲ್ಲ. ಚೆನ್ನಾಗಿ ಕೆಲಸ ಮಾಡುವ ಸಾಫ್ಟ್‌ನರ್‌ನ ಒಳಗೂ ಹೊರಗೂ ಟಿಡಿಎಸ್ ಹೆಚ್ಚುಕಮ್ಮಿ ಒಂದೇ ಇರುತ್ತದೆ. "ನೋಡಿ ಸಾರ್, 900 ಇದ್ದದ್ದು 150 ಆಯ್ತು" ಎಂದು ತೋರಿಸಿದರೆ ಅದು ಆರ್‌ಒ ನೀರು, ಇಲ್ಲವೇ ಕಣ್ಕಟ್ಟು.

ಬೇಕಾದದ್ದು ಹಾರ್ಡ್‌ನೆಸ್ ಡ್ರಾಪ್ ಕಿಟ್. ಬಫರ್ ಮತ್ತು ಇಂಡಿಕೇಟರ್ ಹಾಕಿದ ನೀರು ಗಡಸಾಗಿದ್ದರೆ ದ್ರಾಕ್ಷಿ ಕೆಂಪಾಗುತ್ತದೆ. ಅದು ನೀಲಿಗೆ ತಿರುಗುವವರೆಗೆ ಕಿಟ್‌ನ ಇನ್ನೊಂದು ದ್ರಾವಣವನ್ನು ಹನಿಹನಿಯಾಗಿ ಹಾಕಿ ಎಣಿಸಿ, ಒಂದು ಹನಿಗೆ ಎಷ್ಟು ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಎಂದು ಡಬ್ಬಿಯ ಮೇಲೆ ಬರೆದಿರುವುದರಿಂದ ಗುಣಿಸಿ. ಮೆದು ನೀರಾದರೆ ಇಂಡಿಕೇಟರ್ ಬಿದ್ದ ತಕ್ಷಣವೇ ನೀಲಿ.

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ನಿಮ್ಮದು 200ರ ಒಳಗಿದ್ದರೆ ಈ ಯಂತ್ರ ಬೇಡ. 300ರಿಂದ 700 ಇದರ ನಿಜವಾದ ಕ್ಷೇತ್ರ. ಸಾವಿರ ದಾಟಿದರೆ ಉಪ್ಪಿನ ಚೀಲ ಹೊತ್ತು ಸಾಕಾಗುತ್ತದೆ, ನೀರೂ ಪೂರ್ತಿ ಮೆದುವಾಗುವುದಿಲ್ಲ. ಅಂಥ ಕಡೆ ಮಳೆನೀರನ್ನು ಸೋಸಿ ಸಂಪಿಗೇ ಬಿಟ್ಟುಕೊಂಡು ಗಡಸುತನ ಇಳಿಸುವುದು ಮೊದಲ ಕೆಲಸ. ಸಾಫ್ಟ್‌ನರ್ ಆಮೇಲೆ.

ಇನ್ನೊಂದು ವಿಚಾರ. ಬೆಂಗಳೂರಿಗೆ ಕಾವೇರಿ ನೀರು ತರುವ ಯೋಜನೆಯ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಚಾಲನೆಯಾಯಿತು. ದಿನಕ್ಕೆ 775 ದಶಲಕ್ಷ ಲೀಟರ್, ಗುರಿ ಹೊರವಲಯದ 110 ಹಳ್ಳಿಗಳು. ನಿಮ್ಮ ಬೀದಿಗೆ ಪೈಪು ಬಂದಿದ್ದು ಸಂಪರ್ಕವಷ್ಟೇ ಬಾಕಿ ಇದ್ದರೆ ಸಾಫ್ಟ್‌ನರ್‌ಗೆ ಹಾಕುವ ದುಡ್ಡನ್ನು ಅದಕ್ಕೆ ಹಾಕಿ. ಹಾಗೆಯೇ ಕಾವೇರಿ ನೀರು ಬಂದ ಕಾರಣಕ್ಕೆ ಮಾರುತ್ತಿರುವ ಮನೆ ಸಿಕ್ಕರೆ ಒಳ್ಳೆಯದು. ಯಂತ್ರ ಕೆಟ್ಟದ್ದಕ್ಕಲ್ಲ, ಬೇಡವಾದದ್ದಕ್ಕೆ ಮಾರುತ್ತಿದ್ದಾರೆ.

ಗಾತ್ರದ ಲೆಕ್ಕ

ಜಾಹೀರಾತಿನಲ್ಲಿ "3000 ಲೀಟರ್ ಸಾಫ್ಟ್‌ನರ್" ಎಂದಿದ್ದರೆ ಅದಕ್ಕೆ ಅರ್ಥವಿಲ್ಲ. ಎಷ್ಟು ಗಡಸುತನಕ್ಕೆ ಮೂರು ಸಾವಿರ ಎಂದು ಕೇಳಬೇಕು. ಒಂದು ಲೀಟರ್ ಒಳ್ಳೆಯ ರೆಸಿನ್, ಲೀಟರಿಗೆ 150 ಗ್ರಾಂ ಉಪ್ಪಿನ ಲೆಕ್ಕದಲ್ಲಿ ತೊಳೆದರೆ, ಸುಮಾರು 50 ಗ್ರಾಂ ಗಡಸುತನ ಹಿಡಿಯುತ್ತದೆ. 40 ಲೀಟರಿಗೆ 2000 ಗ್ರಾಂ. ನೀರು 600 ಪಿಪಿಎಂ ಇದ್ದರೆ ಲೀಟರಿಗೆ 0.6 ಗ್ರಾಂ, ಅಂದರೆ ಒಂದು ಸುತ್ತಿಗೆ 3300 ಲೀಟರ್ ನೀರು. ತಲೆಗೆ 135 ಲೀಟರಿನಂತೆ ಐದು ಜನಕ್ಕೆ ದಿನಕ್ಕೆ 675 ಲೀಟರ್. ಐದು ದಿನಕ್ಕೊಮ್ಮೆ ರೀಜನರೇಷನ್ (ಉಪ್ಪುನೀರಿನಿಂದ ರೆಸಿನ್ ತೊಳೆದು ಮತ್ತೆ ಸಜ್ಜು ಮಾಡುವುದು), ಪ್ರತಿಸಲ 6 ಕಿಲೋ ಉಪ್ಪು, ತಿಂಗಳಿಗೆ 36 ಕಿಲೋ. ತೊಳೆಯಲು ಪ್ರತಿಸಲ ಸುಮಾರು 300 ಲೀಟರ್ ನೀರು ಚರಂಡಿಗೆ. ಟ್ಯಾಂಕರ್ ನೀರನ್ನು ದುಡ್ಡು ಕೊಟ್ಟು ತರಿಸುವವರು ಈ ಹತ್ತನೇ ಒಂದು ಭಾಗವನ್ನೂ ಲೆಕ್ಕಕ್ಕೆ ಹಿಡಿಯಬೇಕು.

8×44 ಸಿಲಿಂಡರ್ ಅಗ್ಗಕ್ಕೆ ಸಿಕ್ಕುತ್ತದೆಂದು ಅದಕ್ಕೆ ಕೈಹಾಕಬೇಡಿ. ಅದರಲ್ಲಿ ಹಿಡಿಸುವುದು ಇಪ್ಪತ್ತು-ಇಪ್ಪತ್ತೈದು ಲೀಟರ್. ಇದೇ ನೀರಿಗೆ ಎರಡೂವರೆ-ಮೂರು ದಿನಕ್ಕೊಮ್ಮೆ ವಾಲ್ವ್ ತಿರುಗಿಸುತ್ತ ಕೂರಬೇಕು. ಹರಿವಿಗೂ ಮಿತಿಯಿದೆ: ಗಂಟೆಗೆ ರೆಸಿನ್‌ನ ನಲವತ್ತು ಪಟ್ಟು ನೀರು, ಅಂದರೆ 40 ಲೀಟರಿಗೆ ಗಂಟೆಗೆ 1600 ಲೀಟರ್. 1 ಎಚ್‌ಪಿ ಮೋಟರ್ ಇದಕ್ಕಿಂತ ಜಾಸ್ತಿ ತಳ್ಳಿದರೆ ಗಡಸುತನ ನುಸುಳುತ್ತದೆ. ಆಗ ಡೆಲಿವರಿಯ ಗೇಟ್ ವಾಲ್ವ್ ಸ್ವಲ್ಪ ಬಿಗಿ ಮಾಡಿ, ಬಕೆಟ್ ಮತ್ತು ಗಡಿಯಾರ ಹಿಡಿದು ಹರಿವು ಹೊಂದಿಸಬೇಕು.

ಮಾರುವವರ ಮನೆಯಲ್ಲಿ

ಪೈಪಿನಿಂದ ಬಿಚ್ಚಿ ಗೋಡೆಗೊರಗಿಸಿದ್ದನ್ನು ಕೊಳ್ಳಬೇಡಿ, ಕೊಂಡರೆ ಗುಜರಿ ಬೆಲೆಗೆ ಕೊಳ್ಳಿ. ಓಡುತ್ತಿರುವಾಗಲೇ ನೋಡಬೇಕು. ಹಿಂದಿನ ರಾತ್ರಿ ರೀಜನರೇಷನ್ ಮಾಡಿಟ್ಟಿರಲು ಹೇಳಿ. ಬೆಳಗ್ಗೆ ಹೋಗಿ ಒಳಬರುವ ನೀರು, ಹೊರಹೋಗುವ ನೀರು ಎರಡಕ್ಕೂ ಹನಿ ಎಣಿಸಿ. ಹೊರನೀರು ಓವರ್‌ಹೆಡ್ ಟ್ಯಾಂಕಿನ ನಲ್ಲಿಯದಾಗಿರಬಾರದು, ಅಲ್ಲಿ ಹಳೆಯ ನೀರು ಬೆರೆತಿರುತ್ತದೆ. ಸಾಫ್ಟ್‌ನರ್‌ನ ಬಾಯಿಂದಲೇ, ಹತ್ತು ನಿಮಿಷ ಹರಿಸಿದ ಮೇಲೆ ಹಿಡಿಯಬೇಕು.

ಹೊಸದಾಗಿ ತೊಳೆದ ಮೇಲೂ ಹೊರನೀರು ಒಳನೀರಿನ ಮೂರರಲ್ಲೊಂದು ಗಡಸಾಗಿದ್ದರೆ ರೆಸಿನ್ ಸತ್ತಿದೆ ಎಂದು ತೀರ್ಮಾನಿಸುವ ಮೊದಲು ರೈಸರ್ ಪೈಪನ್ನು ಅನುಮಾನಿಸಿ. ಸಿಲಿಂಡರ್‌ನ ನಡುವೆ ತಳದವರೆಗೆ ಇಳಿಯುವ ಈ ಪೈಪಿನ ತಲೆ ವಾಲ್ವ್‌ನೊಳಗಿನ ಓ-ರಿಂಗ್‌ಗೆ ಕಚ್ಚಿಕೊಂಡಿರಬೇಕು. ಓ-ರಿಂಗ್ ಹರಿದಿದ್ದರೂ, ಹಿಂದಿನ ಪ್ಲಂಬರ್ ಪೈಪನ್ನು ಅರ್ಧ ಇಂಚು ಗಿಡ್ಡ ಕತ್ತರಿಸಿದ್ದರೂ, ಗಡಸು ನೀರು ರೆಸಿನ್ ಮುಟ್ಟದೆ ಅಡ್ಡದಾರಿಯಲ್ಲಿ ಹೊರಬರುತ್ತದೆ. "ರೆಸಿನ್ ಹೋಗಿದೆ" ಎಂದು ಬಿಸಾಡಿದ ಯಂತ್ರಗಳಲ್ಲಿ ಇದೂ ಇರುತ್ತದೆ. ಚಿಲ್ಲರೆ ಬೆಲೆಯ ಓ-ರಿಂಗ್‌ನ ಕೆಲಸ. ಇದನ್ನು ಬಲ್ಲವರಿಗೆ ಅರ್ಧ ಬೆಲೆಯ ಮಾಲು. ಓ-ರಿಂಗ್‌ಗೆ ಸಿಲಿಕೋನ್ ಗ್ರೀಸ್ ಮಾತ್ರ ಹಚ್ಚಿ, ವ್ಯಾಸಲಿನ್ ಹಚ್ಚಿದರೆ ರಬ್ಬರ್ ಊದಿಕೊಳ್ಳುತ್ತದೆ.

ಸಿಲಿಂಡರ್ ಹೊರಮೈ ಮೇಲೆ ಅಂಗೈ ಸವರಿ. ತಾರಸಿಯ ಬಿಸಿಲಿನಲ್ಲಿ ವರ್ಷಗಟ್ಟಲೆ ನಿಂತಿದ್ದರೆ ಬಣ್ಣ ಹಾರಿ ಗಾಜಿನ ನಾರು ಮೇಲೆದ್ದು ಕೈಗೆ ಚುಚ್ಚುತ್ತದೆ. ಅದನ್ನು ಬಿಡಿ. ಕುತ್ತಿಗೆಯ ಎರಡೂವರೆ ಇಂಚಿನ ಮರೆಯಲ್ಲಿ (ತಿರುಪಿನ ಸುತ್ತಿನಲ್ಲಿ) ಸೀಳು ಇದ್ದರೂ ಬಿಡಿ, ಅದಕ್ಕೆ ರಿಪೇರಿ ಇಲ್ಲ. ಎಂ-ಸೀಲ್ ಹಚ್ಚಿದ ಗುರುತು ಕಂಡರೆ ಮಾತು ಮುಂದುವರಿಸುವ ಅಗತ್ಯವೂ ಇಲ್ಲ.

ರೆಸಿನ್‌ಗೆ ಸೊನ್ನೆ ಕೊಟ್ಟರೂ ಒಂದು ಹಿಡಿ ತೆಗೆದು ನೋಡುವುದರಿಂದ ಲಾಭವಿದೆ, ಯಂತ್ರ ಹೇಗೆ ಬಾಳಿತ್ತು ಎಂಬ ಕತೆ ಅದರಲ್ಲಿದೆ. ಒಳ್ಳೆಯದು ಜೇನಿನ ಬಣ್ಣದ ಪಾರದರ್ಶಕ ಮಣಿ, ಸಬ್ಬಕ್ಕಿಗಿಂತ ಬಹಳ ಸಣ್ಣದು, ಉಗುರಿನ ನಡುವೆ ಒತ್ತಿದರೆ ಗಟ್ಟಿ. ತುಕ್ಕು ಬಣ್ಣಕ್ಕೆ ತಿರುಗಿದ್ದರೆ ಕಬ್ಬಿಣ ಹೊಕ್ಕಿದೆ. ಒತ್ತಿದರೆ ಮೆತ್ತಗೆ ನುರಿದುಹೋದರೆ ಕ್ಲೋರಿನ್ ತಿಂದಿದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ತಿಂಗಳುಗಟ್ಟಲೆ ನೀರು ನಿಂತಿತ್ತು ಎಂದರ್ಥ. ಹಿಂದಿನ ಮನೆಯ ನಲ್ಲಿಯ ಜಾಲರಿ ಬಿಚ್ಚಿ ನೋಡಿ. ಅಲ್ಲಿ ಇದೇ ಮಣಿಗಳು ಸಿಕ್ಕರೆ ರೈಸರ್ ಪೈಪಿನ ತಳದಲ್ಲಿ ಮಣಿ ತಡೆಯುವ ಡಿಸ್ಟ್ರಿಬ್ಯೂಟರ್ ಒಡೆದಿದೆ. ಅದು ಸಣ್ಣ ಭಾಗವೇ, ಆದರೆ ಬದಲಿಸದೆ ಜೋಡಿಸಿದರೆ ನಿಮ್ಮ ಶವರ್, ವಾಷಿಂಗ್ ಮಷಿನ್‌ನ ಇನ್‌ಲೆಟ್ ಎಲ್ಲ ಮಣಿಮಯ.

ವಾಲ್ವ್

ಮ್ಯಾನ್ಯುಯಲ್ ಮಲ್ಟಿಪೋರ್ಟ್‌ನಲ್ಲಿ ಹಿಡಿಯನ್ನು ಒತ್ತಿ ತಿರುಗಿಸಿದರೆ ಸರ್ವಿಸ್ (ಮಾಮೂಲಿ ಬಳಕೆ), ಬ್ಯಾಕ್‌ವಾಶ್ (ಕೆಳಗಿನಿಂದ ಮೇಲಕ್ಕೆ ತೊಳೆತ), ಬ್ರೈನ್ (ಉಪ್ಪುನೀರು ಎಳೆಯುವುದು), ರಿನ್ಸ್ (ಕೊನೆಯ ತೊಳೆತ) ಎಂದು ಸ್ಥಾನಗಳು ಬರುತ್ತವೆ. ಒಂದೊಂದಕ್ಕೂ ಇಟ್ಟು ನೋಡಿ. ಸರ್ವಿಸ್‌ನಲ್ಲಿರುವಾಗ ಚರಂಡಿಯ ಪೈಪಿನಿಂದ ಹನಿ ಬೀಳುತ್ತಿದ್ದರೆ ಒಳಗಿನ ಗ್ಯಾಸ್ಕೆಟ್ ಸವೆದಿದೆ. ಗ್ಯಾಸ್ಕೆಟ್ ಸಿಕ್ಕುವ ಮಾದರಿಯಾದರೆ ಚಿಂತೆಯಿಲ್ಲ. ಬ್ರೈನ್ ಸ್ಥಾನದಲ್ಲಿ ಉಪ್ಪಿನ ಡ್ರಮ್ಮಿನ ಟ್ಯೂಬ್ ಬಿಚ್ಚಿ ಬಾಯಿಗೆ ಹೆಬ್ಬೆರಳಿಡಿ. ಚರ್ಮ ಒಳಗೆಳೆಯುವಷ್ಟು ಸೆಳೆತ ಇರಬೇಕು. ಇಲ್ಲದಿದ್ದರೆ ಉಪ್ಪುನೀರು ಎಳೆಯುವ ಸಣ್ಣ ರಂಧ್ರದ ಇಂಜೆಕ್ಟರ್ ಕಟ್ಟಿಕೊಂಡಿದೆ, ಅಥವಾ ನೀರಿನ ಒತ್ತಡ ಸಾಲದು. ಈ ಎಳೆತಕ್ಕೆ ಸುಮಾರು ಒಂದೂವರೆ ಬಾರ್ ಬೇಕು. ಓವರ್‌ಹೆಡ್ ಟ್ಯಾಂಕ್ ಮೂರು ಮೀಟರ್ ಎತ್ತರದಲ್ಲಿದ್ದರೆ ಕೊಡುವುದು 0.3 ಬಾರ್. ಟ್ಯಾಂಕಿನ ಕೆಳಗೆ, ಪ್ರೆಷರ್ ಪಂಪ್ ಇಲ್ಲದೆ ಜೋಡಿಸಿದ ಸಾಫ್ಟ್‌ನರ್ ಉಪ್ಪು ಎಳೆಯದಿರಲು ಕಾರಣ ಇಷ್ಟೇ. ಯಂತ್ರದ ತಪ್ಪಲ್ಲ.

ಆಟೋಮ್ಯಾಟಿಕ್‌ಗಳಲ್ಲಿ ಫ್ಲೆಕ್ 5600, ಕ್ಲ್ಯಾಕ್ ಡಬ್ಲ್ಯುಎಸ್1, ರನ್‌ಶಿನ್ ಎಫ್63-ಎಫ್65 ಇವು ಹಳೆಯದಾದರೂ ಬಿಚ್ಚಿ ಜೋಡಿಸಬಹುದಾದವು. ಫ್ಲೆಕ್‌ನಲ್ಲಿ ಪಿಸ್ಟನ್ ಮತ್ತು ಸೀಲ್-ಸ್ಪೇಸರ್ ಸೆಟ್ ಸವೆಯುತ್ತದೆ, ರನ್‌ಶಿನ್‌ನಲ್ಲಿ ಸೆರಾಮಿಕ್ ಡಿಸ್ಕ್ ಇರುವುದರಿಂದ ಮರಳಿನ ಕಣ ಸಿಕ್ಕಿ ಗೀರು ಬಿದ್ದರೆ ಸೋರುತ್ತದೆ. ಕಂಪನಿಯೇ ತನ್ನದೇ ಬೋರ್ಡು ಹಾಕಿ, ಬಿಡಿಭಾಗ ಹೊರಗೆಲ್ಲೂ ಸಿಕ್ಕದಂತೆ ಮಾಡಿದ ಡಬ್ಬಿಯಾಕಾರದ ಮಾದರಿಗಳನ್ನು ಸೆಕೆಂಡ್‌ಹ್ಯಾಂಡ್‌ನಲ್ಲಿ ಮುಟ್ಟಬೇಡಿ, ನೋಡಲು ಎಷ್ಟೇ ಚೆನ್ನಾಗಿರಲಿ. ಕೊಳ್ಳುವ ಮೊದಲೇ ಅಂಗಡಿಗೆ ಫೋನ್ ಮಾಡಿ ಸೀಲ್ ಕಿಟ್ ಇದೆಯೇ ಎಂದು ಕೇಳಿ. "ತರಿಸಬೇಕು" ಎಂಬ ಉತ್ತರಕ್ಕೆ "ಇಲ್ಲ" ಎಂದೇ ಅರ್ಥ.

ದಿನ ಎಣಿಸಿ ತೊಳೆಯುವ ಟೈಮರ್ ವಾಲ್ವ್‌ಗಿಂತ, ಹರಿದ ನೀರು ಅಳೆದು ತೊಳೆಯುವ ಮೀಟರ್ ವಾಲ್ವ್ ವಾಸಿ. ಟೈಮರ್‌ಗೆ ನೀವು ಊರಿಗೆ ಹೋದದ್ದು ಗೊತ್ತಾಗುವುದಿಲ್ಲ, ಖಾಲಿ ಮನೆಯಲ್ಲೂ ಉಪ್ಪು ಕರಗಿಸುತ್ತದೆ. ಮೀಟರ್ ಇದ್ದರೆ ಮೇಲಿನ ಲೆಕ್ಕದ 3.3 ಘನ ಮೀಟರ್ ಇಡದೆ 2.8ಕ್ಕೆ ಇಡಿ. ಬೇಸಿಗೆಯಲ್ಲಿ ಬೋರ್‌ವೆಲ್ ನೀರಿನ ಗಡಸುತನ ಏರಿದರೆ ಅದೇ ಮೀಸಲು.

ಅಮೆರಿಕದಿಂದ ಮನೆಸಾಮಾನಿನ ಜೊತೆ ಬಂದ ಸಾಫ್ಟ್‌ನರ್‌ಗಳೂ ಮಾರಾಟಕ್ಕೆ ಸಿಕ್ಕುವುದುಂಟು. ಗಡಿಯಾರದ ಮುಖವಿರುವ ಹಳೆಯ ಮೆಕ್ಯಾನಿಕಲ್ ಟೈಮರ್ ಆಗಿದ್ದರೆ ಅದು 60 ಹರ್ಟ್ಸ್‌ಗೆ ಮಾಡಿದ್ದು. ನಮ್ಮ 50 ಹರ್ಟ್ಸ್‌ನಲ್ಲಿ ದಿನಕ್ಕೆ ನಾಲ್ಕು ಗಂಟೆ ಹಿಂದೆ ಬೀಳುತ್ತದೆ. ರಾತ್ರಿ ಎರಡಕ್ಕೆಂದು ಇಟ್ಟ ರೀಜನರೇಷನ್ ಒಂದು ದಿನ ಬೆಳಗ್ಗೆ ಸ್ನಾನದ ಹೊತ್ತಿಗೆ, ಮತ್ತೊಂದು ದಿನ ಮಧ್ಯಾಹ್ನಕ್ಕೆ ನಡೆಯುತ್ತದೆ. ಟ್ರಾನ್ಸ್‌ಫಾರ್ಮರ್ ಬದಲಿಸಿದರೆ ವೋಲ್ಟೇಜ್ ಸರಿಹೋಗುತ್ತದೆ, ಗಡಿಯಾರ ಸರಿಹೋಗದು. ಅವುಗಳ ಮರೆಯೂ ಅಮೆರಿಕದ ಎನ್‌ಪಿಟಿ ಅಳತೆಯದು, ನಮ್ಮ ಅಂಗಡಿಯ ಬಿಎಸ್‌ಪಿ ಅಳತೆಯ ಫಿಟ್ಟಿಂಗ್ ಎರಡು ಸುತ್ತು ಹೋಗಿ ನಿಲ್ಲುತ್ತದೆ. ಟೆಫ್ಲಾನ್ ಸುತ್ತಿ ಬಲವಂತ ಮಾಡಿದರೆ ಪ್ಲಾಸ್ಟಿಕ್ ಬಾಯಿ ಸೀಳುತ್ತದೆ.

ಸಾಗಣೆ, ತುಂಬುವಿಕೆ

ರೆಸಿನ್ ಸಮೇತ ಆಟೋದಲ್ಲಿ ಮಲಗಿಸಿ ತರಬೇಡಿ. ನೀರು, ರೆಸಿನ್ ತುಂಬಿದ ಸಿಲಿಂಡರ್ ಎಪ್ಪತ್ತು ಕಿಲೋ ಮೀರುತ್ತದೆ. ಮಲಗಿಸಿದರೆ ರೈಸರ್ ಪೈಪ್ ಓರೆಯಾಗಿ ತಳದ ಡಿಸ್ಟ್ರಿಬ್ಯೂಟರ್ ಮುರಿಯುತ್ತದೆ. ಹೇಗೂ ರೆಸಿನ್ ಹೊಸದು ಹಾಕುವುದಾದರೆ ಅಲ್ಲೇ ಖಾಲಿ ಮಾಡಿಸಿ.

ತುಂಬುವಾಗ ರೈಸರ್ ಪೈಪಿನ ಬಾಯಿಗೆ ಟೇಪ್ ಸುತ್ತಿ. ಒಂದೇ ಒಂದು ಹಿಡಿ ರೆಸಿನ್ ಅದರೊಳಗೆ ಬಿದ್ದರೆ ಎಲ್ಲ ಮತ್ತೆ ಬಿಚ್ಚಬೇಕು. ಪೈಪ್ ತಳದ ಗುಳಿಯಲ್ಲಿ ಕೂತಿದೆಯೇ ನೋಡಿ, ತಲೆ ಕುತ್ತಿಗೆಯ ಅಂಚಿಗೆ ಸಮವಾಗಿರಬೇಕು. ಅರ್ಧದಷ್ಟು ನೀರು ಹಾಕಿ, ಮೊದಲು ಐದಾರು ಕಿಲೋ ತೊಳೆದ ಸಣ್ಣ ಬೆಣಚುಕಲ್ಲು, ಮೇಲೆ ರೆಸಿನ್. ಮೇಲ್ಗಡೆ ಮೂರರಲ್ಲೊಂದು ಭಾಗ ಖಾಲಿ ಬಿಡಬೇಕು, ಬ್ಯಾಕ್‌ವಾಶ್‌ನಲ್ಲಿ ರೆಸಿನ್ ಅಲ್ಲಿಗೇ ಹಿಗ್ಗುವುದು. ಕತ್ತಿನವರೆಗೆ ತುಂಬಿಸಿದರೆ ದುಡ್ಡು ಚರಂಡಿಗೆ ಹೋಗುತ್ತದೆ, ಅಕ್ಷರಶಃ.

ಹಳೆಯ ರೆಸಿನ್ನನ್ನೇ ಉಳಿಸಿಕೊಳ್ಳುವವರಿಗೆ ಎರಡು ಮಾತು. ಒಣಗಿಹೋದ ರೆಸಿನ್‌ಗೆ ನೇರವಾಗಿ ನೀರು ಸುರಿದರೆ ಮಣಿಗಳು ಒಮ್ಮೆಲೇ ಊದಿ ಸೀಳುತ್ತವೆ. ಗಟ್ಟಿ ಉಪ್ಪುನೀರಿನಲ್ಲಿ ಒಂದು ರಾತ್ರಿ ನೆನೆಸಿ, ಆಮೇಲೆ ಹಂತಹಂತವಾಗಿ ತೆಳು ಮಾಡಿ. ವಾಸನೆ ಬರುತ್ತಿದ್ದರೆ ಮನೆಯಲ್ಲಿ ಬಳಸುವ 5% ಸೋಡಿಯಂ ಹೈಪೋಕ್ಲೋರೈಟ್ ದ್ರವ, 40 ಲೀಟರ್ ರೆಸಿನ್‌ಗೆ 50 ಮಿಲಿ ಮಾತ್ರ, ಉಪ್ಪುನೀರಿನ ಜೊತೆ ಎಳೆಸಿ ಚೆನ್ನಾಗಿ ತೊಳೆಯಿರಿ. ಬ್ಲೀಚಿಂಗ್ ಪುಡಿ ಬೇಡ. ಅದರಲ್ಲಿರುವುದೇ ಕ್ಯಾಲ್ಸಿಯಂ.

ಸಂಪಿನ ಮೋಟರ್ ಲೈನಿಗೆ ಜೋಡಿಸುವಾಗ ಪ್ಲಂಬರ್‌ಗಳು ಮರೆಯುವುದು ಎರಡು. ಮೋಟರ್ ನಿಂತಾಗ ಮೇಲಿನ ಪೈಪಿನ ನೀರು ಸಂಪಿಗೆ ವಾಪಸ್ ಇಳಿದು ಸಿಲಿಂಡರ್‌ನೊಳಗೆ ನಿರ್ವಾತ ಉಂಟಾಗುತ್ತದೆ. ಎಫ್‌ಆರ್‌ಪಿ ಒಳಗಿನ ಒತ್ತಡ ತಡೆದೀತು, ಹೊರಗಿನಿಂದ ಹಿಂಡುವುದನ್ನು ತಡೆಯದು. ಒಳಪದರ ಕಿತ್ತು ಬರುತ್ತದೆ. ಮೋಟರ್ ಮುಂದೆ ಎನ್‌ಆರ್‌ವಿ (ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್), ಸಾಫ್ಟ್‌ನರ್ ಹತ್ತಿರ ಗಾಳಿ ಒಳಬಿಟ್ಟು ನಿರ್ವಾತ ತಪ್ಪಿಸುವ ವ್ಯಾಕ್ಯೂಮ್ ಬ್ರೇಕರ್ ಇರಲಿ. ಎರಡನೆಯದು, ಉಪ್ಪು ಎಳೆಯುವ ಐವತ್ತು ನಿಮಿಷ ಮೋಟರ್ ನಿಮಿಷಕ್ಕೆ ಒಂದೆರಡು ಲೀಟರ್ ಮಾತ್ರ ಹೊರಬಿಡುತ್ತ ಬಿಸಿಯಾಗುತ್ತದೆ. ಡೆಲಿವರಿಯಿಂದ ಸಂಪಿಗೆ ಅರ್ಧ ಇಂಚಿನ ವಾಪಸ್ ಪೈಪ್, ಅದಕ್ಕೊಂದು ಬಾಲ್ ವಾಲ್ವ್ ಕೊಟ್ಟರೆ ಮೋಟರ್ ಉಳಿಯುತ್ತದೆ.

ವರ್ಷಗಳ ಬಳಕೆಯಲ್ಲಿ

ಮ್ಯಾನ್ಯುಯಲ್ ರೀಜನರೇಷನ್ ಒಂದೂಕಾಲು ಗಂಟೆಯ ಕೆಲಸ: ನೀರು ತಿಳಿಯಾಗುವವರೆಗೆ ಹತ್ತು ನಿಮಿಷ ಬ್ಯಾಕ್‌ವಾಶ್. 6 ಕಿಲೋ ಉಪ್ಪು ಕರಗಿದ ಸುಮಾರು 19 ಲೀಟರ್ ದ್ರಾವಣ ಎಳೆದು ಮುಗಿಯಲು ಸುಮಾರು ಅರ್ಧ ಗಂಟೆ. ಅದೇ ಸ್ಥಾನದಲ್ಲಿ ಇನ್ನಿಪ್ಪತ್ತು ನಿಮಿಷ ನಿಧಾನ ತೊಳೆತ. ಕೊನೆಗೆ ನಾಲಿಗೆಗೆ ಉಪ್ಪು ತಾಗದವರೆಗೆ ರಿನ್ಸ್. ಮೂರನೇ ತಿಂಗಳಿಗೆ ಜನ ನಿಧಾನ ತೊಳೆತವನ್ನು ಹಾರಿಸಲು ಶುರುಮಾಡುತ್ತಾರೆ, ಆರನೇ ತಿಂಗಳಿಗೆ "ಸಾಫ್ಟ್‌ನರ್ ಮೊದಲಿನಂತಿಲ್ಲ" ಎನ್ನುತ್ತಾರೆ.

ಹೆಚ್ಚು ತೊಂದರೆ ಕೊಡುವುದು ಉಪ್ಪೇ. ಕಲ್ಲುಪ್ಪು ಅಗ್ಗ, ಆದರೆ ಅದರ ಮಣ್ಣು ಡ್ರಮ್ಮಿನ ತಳದಲ್ಲಿ ಕೂತು ಇಂಜೆಕ್ಟರ್‌ಗೆ ಹೋಗುತ್ತದೆ. ಬಳಸುವುದಾದರೆ ಬೇರೆ ಬಕೆಟ್ಟಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ತಿಳಿಯನ್ನಷ್ಟೇ ಹಾಕಿ, ಮೂರು ತಿಂಗಳಿಗೊಮ್ಮೆ ಇಂಜೆಕ್ಟರ್ ಬಿಚ್ಚಿ ತೊಳೆಯಿರಿ. ತಂತಿ ಚುಚ್ಚಬೇಡಿ, ರಂಧ್ರ ಅಗಲವಾದರೆ ಎಳೆತ ಹೋಗುತ್ತದೆ. ಅಡುಗೆಯ ಪುಡಿ ಉಪ್ಪು ಗಟ್ಟಿಯಾಗಿ ಹೆಪ್ಪುಗಟ್ಟಿ, ಮೇಲೆ ಉಪ್ಪಿದ್ದರೂ ಕೆಳಗೆ ಬರೀ ನೀರಿರುತ್ತದೆ. ಆಟೋಮ್ಯಾಟಿಕ್ ಇದ್ದರೆ ಮಾತ್ರೆಯಾಕಾರದ ಸಾಫ್ಟ್‌ನರ್ ಉಪ್ಪೇ ಸರಿ, ಆದರೂ ತಿಂಗಳಿಗೊಮ್ಮೆ ಕೋಲಿನಿಂದ ತಿವಿದು ನೋಡಿ.

ಲಾಭದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಗೀಸರ್‌ನ ಕಾಯಿಲ್‌ಗೆ ಸುಣ್ಣ ಕಟ್ಟುವುದು ನಿಲ್ಲುತ್ತದೆ, ಸೋಪು ನೊರೆ ಬರುತ್ತದೆ, ತೊಗರಿಬೇಳೆ ಬೇಯುತ್ತದೆ, ಸ್ಟೀಲ್ ನಲ್ಲಿಯಲ್ಲಿ ಹೊಸ ಬಿಳಿ ಕಲೆ ಕೂರುವುದಿಲ್ಲ. ಹಳೆಯ ಕಲೆ ತಾನಾಗಿ ಹೋಗದು. ಸ್ನಾನದ ನಂತರ ಮೈ ಜಾರಿದಂತೆ ಅನ್ನಿಸುವುದು ಮೆದು ನೀರಿನ ಗುಣ. ಆದರೆ 600 ಪಿಪಿಎಂ ನೀರು ಮೆದುವಾದಾಗ ಲೀಟರಿಗೆ ಸುಮಾರು 276 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ರಕ್ತದೊತ್ತಡದವರಿರುವ ಮನೆಯಲ್ಲಿ ಕುಡಿಯಲು, ಅಡುಗೆಗೆ ಆರ್‌ಒ ಮಾಡಿದ್ದೇ ಆಗಲಿ. ಆರ್‌ಒಗೆ ಮೆದು ನೀರು ಕೊಟ್ಟರೆ ಮೆಂಬ್ರೇನ್ ಬಾಳಿಕೆಯೂ ಹೆಚ್ಚು. ಗಿಡಗಳಿಗೆ ಸಾಫ್ಟ್‌ನರ್‌ಗೆ ಮುಂಚಿನ ಲೈನಿನಿಂದ ಒಂದು ನಲ್ಲಿ ಬಿಟ್ಟುಕೊಳ್ಳಿ. ಕರಿಬೇವು, ತುಳಸಿಗೆ ಗಡಸು ನೀರಿಗಿಂತ ಸೋಡಿಯಂ ನೀರು ಕೆಟ್ಟದ್ದು.

ಬೆಲೆ

ಇದೇ ಗಾತ್ರದ ಹೊಸ ಮ್ಯಾನ್ಯುಯಲ್ ಯಂತ್ರಕ್ಕೆ ಎರಡು ಅಂಗಡಿಯಲ್ಲಿ ದರ ಕೇಳಿ. ಅದರಿಂದ 40 ಲೀಟರ್ ಹೊಸ ರೆಸಿನ್, ಸೀಲ್-ಓರಿಂಗ್ ಸೆಟ್, ಡಿಸ್ಟ್ರಿಬ್ಯೂಟರ್, ಸಾಗಣೆ, ಪ್ಲಂಬರ್ ಕೂಲಿ ಕಳೆಯಿರಿ. ಉಳಿದದ್ದರ ಅರ್ಧಕ್ಕಿಂತ ಹೆಚ್ಚು ಕೊಡಬೇಡಿ, ಏಕೆಂದರೆ ಹೊಸದಕ್ಕೆ ಬರುವ ವಾರಂಟಿ ಇದಕ್ಕಿಲ್ಲ. ಲೆಕ್ಕ ಹಾಕಿದಾಗ ಮ್ಯಾನ್ಯುಯಲ್ ಯಂತ್ರಕ್ಕೆ ಉಳಿಯುವುದು ಅಷ್ಟೇನಿಲ್ಲ. ಪುಕ್ಕಟೆಗೆ ಸಮೀಪದ ಬೆಲೆಗೆ ಸಿಕ್ಕರೆ ಮಾತ್ರ ಅರ್ಥ. ನಿಜವಾದ ಉಳಿತಾಯ ಒಳ್ಳೆಯ ಮೀಟರ್ ವಾಲ್ವ್ ಇರುವ ಆಟೋಮ್ಯಾಟಿಕ್‌ನಲ್ಲಿ.

ದುಡ್ಡು ಕೊಡುವ ಮುಂಚೆ ನಿಮ್ಮ ಮನೆಯಲ್ಲಿ ಚರಂಡಿ ಎಲ್ಲಿಗೆ ಹೋಗುತ್ತದೆ ನೋಡಿ. ವರ್ಷಕ್ಕೆ ನಾನೂರು ಕಿಲೋ ಮೀರಿ ಉಪ್ಪು ಆ ಪೈಪಿನಲ್ಲಿ ಹರಿಯುತ್ತದೆ. ಒಳಚರಂಡಿ ಸಂಪರ್ಕ ಇದ್ದರೆ ಸರಿ. ಮನೆ ಮುಂದಿನ ಮಳೆನೀರು ಇಂಗುಗುಂಡಿಗೆ ಅದನ್ನು ತಿರುಗಿಸಿದರೆ, ಇಳಿಯುವುದು ನಿಮ್ಮದೇ ಬೋರ್‌ವೆಲ್‌ಗೆ.